ಬತ್ತಿದ ಕೆನ್ನೆ ಚಾಕು ಮುಟ್ಟದೆ ತುಂಬುತ್ತದೆಯೇ?

"ಕಾಯಿಲೆಯೇನೂ ಇಲ್ಲ ಡಾಕ್ಟರೇ. ಆದರೂ ಕಂಡವರೆಲ್ಲ ಮೈ ಹುಷಾರಿಲ್ಲವೇ ಎಂದು ಕೇಳುತ್ತಾರೆ."

ನಾನು ಚರ್ಮವೈದ್ಯೆ. ನಲವತ್ತೈದು ದಾಟಿದವರು ನನ್ನ ಮುಂದೆ ಕುಳಿತು ಮಾತು ತೆಗೆಯುವುದು ಹೆಚ್ಚಾಗಿ ಹೀಗೆ. ಇಸುಬಿಗೋ ಕೂದಲು ಉದುರುವುದಕ್ಕೋ ಔಷಧಿ ಬರೆಸಿಕೊಂಡು, ಎದ್ದು ಹೊರಡುವಾಗ ಬಾಗಿಲ ಬಳಿ ನಿಂತು ಕೇಳುವವರೂ ಇದ್ದಾರೆ. ಮೊಬೈಲ್ ತೆಗೆದು ಹದಿನೈದು ವರ್ಷ ಹಿಂದಿನ ಫೋಟೊ ಹುಡುಕಿ ತೋರಿಸುತ್ತಾರೆ. ತುಂಬುಗೆನ್ನೆಯ ಮುಖ. "ಆಪರೇಷನ್ ಬೇಡ. ಅದಿಲ್ಲದೆ ಈ ಕೆನ್ನೆ ಮತ್ತೆ ತುಂಬಿಕೊಳ್ಳುತ್ತದೆಯೇ?"

ತುಂಬಿಕೊಳ್ಳುತ್ತದೆ, ಒಂದು ಮಟ್ಟಿಗೆ. ಆದರೆ ಏನು ತುಂಬಬೇಕೆಂದು ಕೇಳುವ ಮೊದಲು ಏನು ಕರಗಿದೆ ಎಂದು ನೋಡಬೇಕು. ಬಹಳ ಮಂದಿ ಇದನ್ನು ಬಿಟ್ಟು ನೇರವಾಗಿ ಸೂಜಿಯ ಮಾತಿಗೆ ಬರುತ್ತಾರೆ. ಬೇಸರದ ಸಂಗತಿಯೆಂದರೆ ಕೆಲವು ಕ್ಲಿನಿಕ್‌ಗಳೂ ಅದೇ ದಾರಿ ಹಿಡಿದಿವೆ.

ಮುಖದಲ್ಲಿ ಕರಗುವುದು ಕೊಬ್ಬು ಮಾತ್ರವಲ್ಲ. ತಳದಲ್ಲಿರುವ ಮೂಳೆಯೇ ಸವೆಯುತ್ತದೆ. ಕಣ್ಣುಗುಳಿಯ ಅಂಚು ಅಗಲವಾಗುತ್ತದೆ, ಮೇಲ್ದವಡೆ ಹಿಂದಕ್ಕೆ ಸರಿಯುತ್ತದೆ, ಗಲ್ಲದ ಇಕ್ಕೆಲದ ಮೂಳೆ ತಗ್ಗುತ್ತದೆ. ಅದರ ಮೇಲಿನದು ಕೊಬ್ಬು. 2007ರಲ್ಲಿ ಅಮೆರಿಕದ ಶಸ್ತ್ರವೈದ್ಯರಾದ ರಾಡ್ ರೋರಿಚ್ ಮತ್ತು ಜೋಯಲ್ ಪೆಸ್ಸಾ ಮೃತದೇಹಗಳ ಮುಖಕ್ಕೆ ಬಣ್ಣ ಚುಚ್ಚಿ ನೋಡಿದ ಅಧ್ಯಯನ ಪ್ರಕಟವಾಯಿತು. ಬಣ್ಣ ಮುಖವೆಲ್ಲ ಹರಡಲಿಲ್ಲ. ನಡುವೆ ಗೋಡೆ ಕಟ್ಟಿದಂತೆ ಅಲ್ಲಲ್ಲೇ ನಿಂತಿತು. ಕೊಬ್ಬು ಅಖಂಡವಾದ ಹಾಸಲ್ಲ, ಬೇರೆ ಬೇರೆ ಕೋಣೆಗಳಲ್ಲಿ ಕೂಡಿಟ್ಟದ್ದು ಎಂದು ಅದರಿಂದ ಸ್ಪಷ್ಟವಾಯಿತು. ಒಳಗಿನ ಕೋಣೆಗಳು ಮೊದಲು ಬರಿದಾಗುತ್ತವೆ. ಮೇಲಿನವು ಆಸರೆ ತಪ್ಪಿ ಜಾರುತ್ತವೆ. ಕೆನ್ನೆ ಬತ್ತಿದವರಿಗೇ ದವಡೆಯ ಅಂಚಿನಲ್ಲಿ ಜೋಲು ಕಾಣುವುದು ಇದೇ ಕಾರಣಕ್ಕೆ. ಎಲ್ಲಕ್ಕಿಂತ ಮೇಲೆ ಚರ್ಮ. ಮುಟ್ಟು ನಿಂತ ಮೊದಲ ಐದು ವರ್ಷಗಳಲ್ಲಿ ಹೆಂಗಸರ ಚರ್ಮದ ಕೊಲಾಜೆನ್, ಅಂದರೆ ಚರ್ಮವನ್ನು ಬಿಗಿಯಾಗಿಡುವ ಪ್ರೋಟೀನ್, ಸುಮಾರು ಶೇ. 30ರಷ್ಟು ಇಳಿಯುತ್ತದೆ. "ಒಂದೆರಡು ವರ್ಷದಲ್ಲೇ ಹೀಗಾಯಿತು" ಎಂದು ಅವರು ಹೇಳಿದರೆ ನಾನು ನಂಬುತ್ತೇನೆ.

ಇವುಗಳಲ್ಲಿ ಯಾವುದು ಎಷ್ಟು ಹೋಗಿದೆ? ನನ್ನ ಹತ್ತಿರ ಒಂದು ಕೈಗನ್ನಡಿ ಇದೆ. ಕುರ್ಚಿಯನ್ನು ಪೂರ್ತಿ ಹಿಂದಕ್ಕೆ ಬಾಗಿಸಿ, ಅಂಗಾತ ಮಲಗಿಸಿ, ಕನ್ನಡಿಯನ್ನು ಅವರ ಕೈಗೇ ಕೊಡುತ್ತೇನೆ. ಜೋಲು ಕಿವಿಯ ಕಡೆಗೆ ಸರಿಯುತ್ತದೆ. "ಅರೆ, ಚೆನ್ನಾಗಿದ್ದೇನಲ್ಲ!" ಎಂದು ನಕ್ಕರೆ ಅಲ್ಲಿರುವುದು ಮುಖ್ಯವಾಗಿ ಸಡಿಲಿಕೆ; ಅದಕ್ಕೆ ಏನು ತುಂಬಿದರೂ ಮುಖ ಭಾರವಾಗುತ್ತದೆಯೇ ಹೊರತು ಮೇಲೇಳುವುದಿಲ್ಲ. ಮಲಗಿದಾಗಲೂ ಕಣತಲೆಯ ಗುಳಿ, ಕೆನ್ನೆಯ ಹಳ್ಳ ಹಾಗೆಯೇ ಉಳಿದರೆ ಅದು ನಿಜವಾಗಿ ಬರಿದಾದ ಜಾಗ. ಎರಡೂ ಬೆರೆತಿರುವ ಮುಖಗಳೇ ಹೆಚ್ಚು, ಒಪ್ಪುತ್ತೇನೆ. ಆದರೂ ಈ ಎರಡು ನಿಮಿಷ ಎಷ್ಟೋ ಅನಗತ್ಯ ಸೂಜಿಗಳನ್ನು ತಪ್ಪಿಸಿದೆ.

ಬಾಯಿ ತೆರೆಸಿಯೂ ನೋಡುತ್ತೇನೆ. ತುಟಿ ಒಳಗೆ ಸೇರಿಕೊಂಡಿದೆ, ತುಂಬಿಸಿ ಎಂದು ಬಂದ ಹಿರಿಯರೊಬ್ಬರಿಗೆ ಒಂದು ಬದಿಯ ದವಡೆಹಲ್ಲುಗಳೂ ಮುಂದಿನ ಎರಡು ಹಲ್ಲುಗಳೂ ಇರಲಿಲ್ಲ. ಹಲ್ಲು ಹೋದ ಕಡೆ ದವಡೆಯ ಮೂಳೆ ಕರಗುತ್ತದೆ, ಕೆನ್ನೆ ಒಳಕ್ಕೆ ಹೋಗುತ್ತದೆ. ಬೊಕ್ಕುಬಾಯಿ ಎನ್ನುತ್ತೇವಲ್ಲ, ಅದರ ಆರಂಭ. ಅವರನ್ನು ದಂತವೈದ್ಯರ ಬಳಿ ಕಳಿಸಿದೆ. ಹಾಗೆಯೇ, ತೂಕ ಇಳಿಸುವ ಚುಚ್ಚುಮದ್ದು ತೆಗೆದುಕೊಂಡು ಕೆಲವೇ ತಿಂಗಳಲ್ಲಿ ಇಳಿದುಹೋದವರು ಈಗೀಗ ಹೆಚ್ಚು ಬರುತ್ತಿದ್ದಾರೆ. ಅವರಿಗೆ ನಾನು ಹೇಳುವುದು ಒಂದೇ: ತೂಕ ಒಂದು ಕಡೆ ನಿಲ್ಲಲಿ, ಆಮೇಲೆ ನೋಡೋಣ. ಇಳಿಯುತ್ತಲೇ ಇರುವ ಮುಖಕ್ಕೆ ಅಳತೆ ಹಿಡಿಯಲಾಗುವುದಿಲ್ಲ.

ಇನ್ನು ಸೂಜಿಯ ವಿಷಯ. ಮೊದಲಿಗೆ ಒಂದು ಗೊಂದಲ ಬಿಡಿಸಿಬಿಡುತ್ತೇನೆ. ಬೊಟಾಕ್ಸ್ ಸ್ನಾಯುವನ್ನು ಸಡಿಲಿಸುವ ಔಷಧಿ. ಹಣೆಯ ಗೆರೆಗೆ ಸರಿ, ಹಳ್ಳ ತುಂಬುವುದು ಅದರ ಕೆಲಸವಲ್ಲ. ತುಂಬುವುದಕ್ಕೆ ಬಳಸುವುದು ಫಿಲ್ಲರ್. ಅದರಲ್ಲಿ ಹೆಚ್ಚು ಬಳಕೆಯಲ್ಲಿರುವುದು ಹೈಲುರಾನಿಕ್ ಆಮ್ಲದ ಜೆಲ್. 1934ರಲ್ಲಿ ಕಾರ್ಲ್ ಮೇಯರ್ ಮತ್ತು ಜಾನ್ ಪಾಮರ್ ಇದನ್ನು ಮೊದಲು ಬೇರ್ಪಡಿಸಿದ್ದು ದನದ ಕಣ್ಣಿನೊಳಗಿನ ಲೋಳೆಯಿಂದ. ಫಿಲ್ಲರ್‌ಗಾಗಿ ಹುಂಜದ ಜುಟ್ಟಿನಿಂದ ತೆಗೆಯುತ್ತಿದ್ದ ಕಾಲವೂ ಇತ್ತು. ಈಗ ಬ್ಯಾಕ್ಟೀರಿಯಾಗಳಿಂದ ಮಾಡಿಸುತ್ತಾರೆ. ನಮ್ಮ ಚರ್ಮದಲ್ಲೂ ಇದು ಇದೆ, ನೀರನ್ನು ಹಿಡಿದಿಡುತ್ತದೆ. ಆದರೆ ಸಹಜ ರೂಪದಲ್ಲಿ ಒಂದೆರಡು ದಿನದಲ್ಲೇ ಒಡೆದುಹೋಗುತ್ತದೆ. ಅದರ ಎಳೆಗಳನ್ನು ಒಂದಕ್ಕೊಂದು ಗಂಟು ಹಾಕಿದಂತೆ ರಾಸಾಯನಿಕವಾಗಿ ಬೆಸೆದಾಗ ಮಾತ್ರ ತಿಂಗಳುಗಟ್ಟಲೆ ನಿಲ್ಲುವ ಜೆಲ್ ಆಗುತ್ತದೆ. ಸದಾ ಅಲುಗಾಡುವ ತುಟಿಯಲ್ಲಿ ಆರೇಳು ತಿಂಗಳು, ಕೆನ್ನೆಯ ಮೂಳೆಯ ಮೇಲಾದರೆ ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು.

ಒಂದು ಸಿರಿಂಜಿನಲ್ಲಿರುವುದು ಒಂದು ಮಿಲಿಲೀಟರ್. ಟೀ ಚಮಚದ ಐದನೇ ಒಂದು ಭಾಗ. ಇಷ್ಟು ಹೇಳಿದಾಗ "ಅಷ್ಟೇನಾ?" ಎಂದು ನಿರಾಶರಾಗುವವರಿದ್ದಾರೆ. ಆದರೆ ಜಾಗ ಸರಿಯಾಗಿದ್ದರೆ ಅಷ್ಟೇ ಬಹಳ ಕೆಲಸ ಮಾಡುತ್ತದೆ. ಕೆನ್ನೆಮೂಳೆಯ ಮೇಲೆ ಆಳದಲ್ಲಿ ಒಂದು ಹನಿ ಕೂರಿಸಿದರೆ ಮೂಗಿನ ಪಕ್ಕದ ಗೆರೆ ತಾನಾಗಿ ಹಗುರವಾಗುವುದನ್ನು ನೋಡಿದ್ದೇನೆ. ಆ ಗೆರೆಗೇ ತುಂಬಿದ್ದರೆ ನಕ್ಕಾಗ ಅಲ್ಲೊಂದು ಉಬ್ಬು ಬರುತ್ತಿತ್ತು. ಕಣ್ಣಿನ ಕೆಳಗೆ ಮಾತ್ರ ನಾನು ಹೆದರಿ ಹೆದರಿ ಕೈ ಹಾಕುತ್ತೇನೆ. ಅಲ್ಲಿ ಚರ್ಮ ತೆಳು. ಜೆಲ್ ಸ್ವಲ್ಪ ಮೇಲೆ ನಿಂತರೂ ನೀಲಿ ಛಾಯೆ ಕಾಣುತ್ತದೆ, ಬೆಳಗ್ಗೆ ಎದ್ದಾಗ ಚೀಲ ಕಟ್ಟಿದಂತೆ ಊದಿರುತ್ತದೆ.

ನಾನು ಈ ಜೆಲ್ ಅನ್ನು ಇಷ್ಟಪಡುವುದಕ್ಕೆ ನಿಜವಾದ ಕಾರಣ ಬೇರೆ. ಬೇಡವೆನಿಸಿದರೆ ಇದನ್ನು ಕರಗಿಸಬಹುದು. ಹೈಲುರಾನಿಡೇಸ್ ಎಂಬ ಕಿಣ್ವ ಚುಚ್ಚಿದರೆ ಗಂಟೆಗಳಲ್ಲಿ, ಹೆಚ್ಚೆಂದರೆ ಒಂದೆರಡು ದಿನದಲ್ಲಿ ಕರಗುತ್ತದೆ. ಈ ಕಿಣ್ವದ ಬೆಲೆ ನನಗೆ ಪುಸ್ತಕದಿಂದ ಗೊತ್ತಾದದ್ದಲ್ಲ. ಕೆಲವು ವರ್ಷಗಳ ಹಿಂದೆ ಒಬ್ಬರಿಗೆ ಮೂಗಿನ ಪಕ್ಕ ಜೆಲ್ ಹಾಕುತ್ತಿದ್ದೆ. ಸೂಜಿ ಹೊರತೆಗೆದ ಮೇಲೆ ಅಲ್ಲಿನ ಚರ್ಮ ಸುಣ್ಣ ಬಳಿದಂತೆ ಬಿಳಿಚಿತು. ಬೆರಳಿನಿಂದ ಒತ್ತಿ ಬಿಟ್ಟೆ; ಬಣ್ಣ ಮರಳಲಿಲ್ಲ. ಕೆಲವೇ ನಿಮಿಷಗಳಲ್ಲಿ ಬಲೆ ಹೆಣೆದಂತೆ ನೇರಳೆ ಗೆರೆಗಳು ಮೂಡತೊಡಗಿದವು. ಜೆಲ್ ರಕ್ತನಾಳವನ್ನು ಮುಚ್ಚಿತ್ತು. ಕಿಣ್ವದ ಸೀಸೆ ಅದೇ ಕೋಣೆಯ ಕಪಾಟಿನಲ್ಲಿತ್ತು. ಚುಚ್ಚಿದೆ, ಉಜ್ಜಿದೆ, ಬಿಸಿಬಟ್ಟೆ ಇಟ್ಟೆ, ಒಂದು ಗಂಟೆ ಬಿಟ್ಟು ಮತ್ತೆ ಚುಚ್ಚಿದೆ. ಸಂಜೆಯ ಹೊತ್ತಿಗೆ ಕೆಂಪು ಮರಳಿತು. ಅವರು ಸಮಾಧಾನವಾಗಿ ಮನೆಗೆ ಹೋದರು. ನಾನು ಆ ರಾತ್ರಿ ನಿದ್ದೆ ಮಾಡಲಿಲ್ಲ. ಇದು ಅಪರೂಪ. ಆದರೆ ಕಣ್ಣಿಗೆ ಹೋಗುವ ನಾಳ ಮುಚ್ಚಿದರೆ ದೃಷ್ಟಿ ಹೋಗಬಹುದು, ಹೋದ ದೃಷ್ಟಿ ಮರಳುವುದು ಕಷ್ಟ. ಹುಬ್ಬುಗಳ ನಡುವಿನ ಜಾಗ ಮತ್ತು ಮೂಗು ಈ ವಿಷಯದಲ್ಲಿ ಬಹಳ ಅಪಾಯಕಾರಿ.

ಹಾಗಾಗಿ ನೀವು ಯಾರ ಬಳಿ ಹೋದರೂ "ಹೈಲುರಾನಿಡೇಸ್ ಇಲ್ಲೇ ಇದೆಯೇ?" ಎಂದು ಕೇಳಿ. ಕೇಳುವುದಕ್ಕೆ ಸಂಕೋಚ ಬೇಡ. ಮುಖ ಗಂಟಿಕ್ಕಿಕೊಂಡರೆ ಎದ್ದು ಬನ್ನಿ. ಫಿಲ್ಲರ್ ಡಬ್ಬಿಯನ್ನು ನಿಮ್ಮ ಎದುರಿಗೇ ಒಡೆಯಲಿ, ಅದರ ಚೀಟಿ ನಿಮ್ಮ ಕಡತದಲ್ಲಿರಲಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮುಚ್ಚಿಡಬೇಡಿ, ಬರೆದುಕೊಟ್ಟ ವೈದ್ಯರನ್ನು ಕೇಳದೆ ನಿಲ್ಲಿಸಲೂ ಬೇಡಿ. ಸೂಜಿಯಿಲ್ಲದೆ ಒತ್ತಡದಿಂದ ಜೆಲ್ ನುಗ್ಗಿಸುವ ಪೆನ್ನುಗಳನ್ನು ಆನ್‌ಲೈನ್‌ನಲ್ಲಿ ತರಿಸಿ ಮನೆಯಲ್ಲೇ ಪ್ರಯೋಗ ಮಾಡುವವರಿದ್ದಾರೆ. 2021ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಇವುಗಳ ವಿರುದ್ಧ ಎಚ್ಚರಿಕೆ ಕೊಟ್ಟಿತು. ಅದು ಕೊಡದಿದ್ದರೂ ನಾನು ಕೊಡುತ್ತಿದ್ದೆ.

ಇನ್ನೊಂದು ಬಗೆಯ ಫಿಲ್ಲರ್ ಇದೆ. ತಾನು ತುಂಬುವುದಕ್ಕಿಂತ ನಿಮ್ಮ ದೇಹದಿಂದಲೇ ಕೊಲಾಜೆನ್ ಕಟ್ಟಿಸುವಂಥದ್ದು. ಪಾಲಿ ಎಲ್ ಲ್ಯಾಕ್ಟಿಕ್ ಆಮ್ಲ ಅದರಲ್ಲಿ ಮುಖ್ಯವಾದದ್ದು. ಇದರ ಕಥೆ ಹೇಳದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ. ಎಚ್‌ಐವಿಯ ಹಳೆಯ ಔಷಧಿಗಳಲ್ಲಿ ಕೆಲವು ಕೆನ್ನೆಯ ಕೊಬ್ಬನ್ನು ಪೂರ್ತಿ ಕರಗಿಸಿಬಿಡುತ್ತಿದ್ದವು. ಜೀವ ಉಳಿಯಿತು, ಆದರೆ ಬತ್ತಿದ ಮುಖವೇ ಕಾಯಿಲೆಯನ್ನು ಎಲ್ಲರಿಗೂ ಸಾರಿ ಹೇಳುತ್ತಿತ್ತು. ಆ ಕೆನ್ನೆಗಳಿಗಾಗಿಯೇ 2004ರಲ್ಲಿ ಅಮೆರಿಕದಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿದ್ದು. ಅಂದಕ್ಕಾಗಿ ಬಳಸುವ ಒಪ್ಪಿಗೆ ಬಂದದ್ದು 2009ರಲ್ಲಿ. ಫಿಲ್ಲರ್ ಎಂದರೆ ಬರೀ ಶೋಕಿ ಎನ್ನುವವರಿಗೆ ನಾನು ಇದನ್ನೇ ಹೇಳುವುದು.

ಹಾಕಿಸಿಕೊಂಡವರಿಗೆ ತಾಳ್ಮೆ ಬೇಕು. ಮೊದಲ ದಿನ ಊದಿದ ಕೆನ್ನೆ ನೋಡಿ ಸಂತೋಷವಾಗುತ್ತದೆ. ಅದು ಔಷಧಿಯ ಜೊತೆಗಿನ ನೀರು. ಕೆಲವು ದಿನಗಳಲ್ಲಿ ಇಳಿದುಹೋಗುತ್ತದೆ. ನಿಜವಾದ ತುಂಬುವಿಕೆ ವಾರಗಳು, ತಿಂಗಳುಗಳ ಮೇಲೆ ಬರುತ್ತದೆ, ಸಾಮಾನ್ಯವಾಗಿ ಎರಡು ಮೂರು ಸಲ ಹಾಕಬೇಕಾಗುತ್ತದೆ. ಗಂಟು ಕಟ್ಟದಿರಲೆಂದು ಐದು ದಿನ, ದಿನಕ್ಕೆ ಐದು ಸಲ, ಐದೈದು ನಿಮಿಷ ಕೆನ್ನೆ ತೀಡಿಕೊಳ್ಳಬೇಕು. ಎರಡು ವರ್ಷದವರೆಗೂ ನಿಲ್ಲಬಹುದು. ಕ್ಯಾಲ್ಸಿಯಂ ಹೈಡ್ರಾಕ್ಸಿಅಪಟೈಟ್ ಎಂಬುದೂ ಇದೇ ಜಾತಿಗೆ ಹತ್ತಿರ. ಮೂಳೆಯಲ್ಲಿರುವ ಖನಿಜದ ಸಣ್ಣ ಗುಂಡುಗಳು, ದವಡೆಯ ಅಂಚಿಗೆ ಚೆನ್ನ. ಆದರೆ ಇವೆರಡಕ್ಕೂ ಕರಗಿಸುವ ಮದ್ದಿಲ್ಲ. ಮೊದಲ ಸಲ ಬಂದವರಿಗೆ ನಾನು ಇವನ್ನು ಹಾಕದಿರುವುದು ಅದಕ್ಕೇ.

ಶಾಶ್ವತ ಫಿಲ್ಲರ್ ಕೇಳುವವರಿಗೆ ನನ್ನ ಉತ್ತರ ಇಲ್ಲ ಎಂಬುದು. 1899ರಲ್ಲಿ ವಿಯೆನ್ನಾದ ರಾಬರ್ಟ್ ಗೆರ್ಸುನಿ ಪ್ಯಾರಫಿನ್ ಚುಚ್ಚಲು ಆರಂಭಿಸಿದರು. ವರ್ಷಗಳ ನಂತರ ಆ ಮೇಣ ಗಟ್ಟಿ ಗಂಟುಗಳಾಗಿ, ಹುಣ್ಣಾಗಿ, ಜಾಗ ಬಿಟ್ಟು ಸರಿದು ಜನರ ಮುಖ ಕೆಡಿಸಿತು. ದ್ರವ ಸಿಲಿಕೋನ್ ಬಂದ ಮೇಲೂ ಅಂಥವೇ ಫಜೀತಿಗಳು. ಮುಖದ ಮೂಳೆ, ಕೊಬ್ಬು ಬದಲಾಗುತ್ತಲೇ ಇರುವಾಗ ನಡುವೆ ಬದಲಾಗದ ಒಂದು ಉಂಡೆ ಕೂತರೆ ಎಪ್ಪತ್ತರ ವಯಸ್ಸಿನಲ್ಲಿ ಹೇಗೆ ಕಾಣುತ್ತದೆಂದು ಊಹಿಸಿಕೊಳ್ಳಿ. ಹೊಟ್ಟೆಯ ಕೊಬ್ಬು ತೆಗೆದು ಕೆನ್ನೆಗೆ ಹಾಕುವುದು ಒಳ್ಳೆಯ ವಿಧಾನವೇ, ಆದರೆ ಅದು ಸಣ್ಣ ಆಪರೇಷನ್. ನೀವು ಅದು ಬೇಡವೆಂದೇ ಬಂದವರು.

ಯಂತ್ರಗಳ ಬಗ್ಗೆ ಹೆಚ್ಚು ಹೇಳಲಾರೆ. ರೇಡಿಯೊ ತರಂಗ, ಅಲ್ಟ್ರಾಸೌಂಡ್ ಇವು ಚರ್ಮ ಬಿಗಿಗೊಳಿಸುತ್ತವೆ, ತುಂಬುವುದಿಲ್ಲ. ಮೊದಲೇ ಸೊರಗಿದ ಮುಖಕ್ಕೆ ಆ ಶಾಖ ಆಳಕ್ಕೆ ಹೋದರೆ ಇದ್ದ ಕೊಬ್ಬೂ ಕರಗಬಹುದು. ಸ್ವಂತ ರಕ್ತದಿಂದ ಮಾಡುವ ಪಿಆರ್‌ಪಿ ಚರ್ಮಕ್ಕೆ ಸ್ವಲ್ಪ ಕಳೆ ಕೊಡಬಹುದು. ಹಳ್ಳ ತುಂಬುತ್ತದೆ ಎಂದರೆ ನಾನು ಒಪ್ಪುವುದಿಲ್ಲ.

ಮುಖದ ವ್ಯಾಯಾಮವನ್ನು ನಾನು ಮೊದಲು ನಗೆಯಾಡುತ್ತಿದ್ದೆ. 2018ರಲ್ಲಿ ಷಿಕಾಗೋದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ವೈದ್ಯರು 40ರಿಂದ 65 ವರ್ಷದ ಹೆಂಗಸರಿಂದ ದಿನಕ್ಕೆ ಅರ್ಧ ಗಂಟೆಯಂತೆ, ನಂತರ ದಿನ ಬಿಟ್ಟು ದಿನ, ಒಟ್ಟು 20 ವಾರ ವ್ಯಾಯಾಮ ಮಾಡಿಸಿದ ಫಲಿತಾಂಶ ಪ್ರಕಟಿಸಿದರು. ಕೆನ್ನೆಗಳು ತುಸು ತುಂಬಿದ್ದವು. ಆಮೇಲೆ ನಗುವುದು ಬಿಟ್ಟೆ. ಆದರೆ ಶುರುಮಾಡಿದ 27 ಜನರಲ್ಲಿ ಕೊನೆಯವರೆಗೆ ಉಳಿದವರು 16. ಹೋಲಿಸಿ ನೋಡಲು ವ್ಯಾಯಾಮ ಮಾಡದ ಗುಂಪೂ ಇರಲಿಲ್ಲ. ಕನ್ನಡಿಯ ಮುಂದೆ ಅರ್ಧ ಗಂಟೆ ಕೆನ್ನೆ ಉಬ್ಬಿಸುವ ವ್ಯವಧಾನ ನಿಮಗಿದ್ದರೆ ಮಾಡಿ, ನಷ್ಟವಿಲ್ಲ. ನನಗಂತೂ ಬಿಟ್ಟುಹೋದ ಆ ಹನ್ನೊಂದು ಮಂದಿಯ ಕಷ್ಟ ಅರ್ಥವಾಗುತ್ತದೆ.

ಹೈಲುರಾನಿಕ್ ಎಂದು ಬರೆದ ಕ್ರೀಮ್ ಚರ್ಮದ ಮೇಲ್ಪದರವನ್ನು ಒದ್ದೆಯಾಗಿಡುತ್ತದೆ, ಕೊಬ್ಬಿನ ಕೋಣೆಗಳಿಗೆ ಇಳಿಯುವುದಿಲ್ಲ. ವಿಟಮಿನ್ ಎ ಜಾತಿಯ ಟ್ರೆಟಿನಾಯಿನ್ ಕ್ರೀಮ್ ರಾತ್ರಿ ಹಚ್ಚಿದರೆ ತಿಂಗಳುಗಳ ಮೇಲೆ ಕೊಲಾಜೆನ್ ಹೆಚ್ಚುತ್ತದೆ, ಬಸುರಿಯರು ಹಚ್ಚಬಾರದು. ಇರುವುದನ್ನು ಉಳಿಸಿಕೊಳ್ಳುವುದಕ್ಕೆ ಸನ್‌ಸ್ಕ್ರೀನ್. ಆಸ್ಟ್ರೇಲಿಯಾದಲ್ಲಿ 903 ಜನರನ್ನು ನಾಲ್ಕೂವರೆ ವರ್ಷ ನೋಡಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ದಿನವೂ ಹಚ್ಚಲು ಹೇಳಿದವರ ಚರ್ಮ, ಮನಸ್ಸು ಬಂದಾಗ ಹಚ್ಚಿದವರ ಚರ್ಮಕ್ಕಿಂತ ಶೇ. 24ರಷ್ಟು ಕಡಿಮೆ ಮುಪ್ಪಾಗಿತ್ತು.

ಕೊನೆಗೆ ಎಲ್ಲರೂ ಕೇಳುವುದು, "ಒಮ್ಮೆ ಹಾಕಿಸಿ ನಿಲ್ಲಿಸಿದರೆ ಮುಖ ಇನ್ನೂ ಕೆಡುತ್ತದೆಯೇ?" ಕೆಡುವುದಿಲ್ಲ. ಹಾಕಿಸದಿದ್ದರೆ ಎಲ್ಲಿರುತ್ತಿತ್ತೋ ಹೆಚ್ಚುಕಡಿಮೆ ಅಲ್ಲಿಗೆ ಬರುತ್ತದೆ. ಕೆಡುವುದು ಕಣ್ಣಿನ ಅಂದಾಜು. ತುಂಬಿದ ಮುಖಕ್ಕೆ ಒಗ್ಗಿಕೊಂಡ ಕಣ್ಣಿಗೆ ಸ್ವಲ್ಪ ಇಳಿದರೂ ಪೂರ್ತಿ ಬತ್ತಿದಂತೆ ಕಾಣುತ್ತದೆ. ಇನ್ನೊಂದು ಸಿರಿಂಜ್, ಮತ್ತೊಂದು ಎಂದು ಹೋಗಿ ಮುಖ ದಿಂಬಾಗುವುದು ಹೀಗೆ. ಅದಕ್ಕೇ ಹದಿನೈದು ವರ್ಷದ ಹಿಂದಿನ ಫೋಟೊವನ್ನು ನಾನು ಗುರಿಯಾಗಿ ಇಟ್ಟುಕೊಳ್ಳುವುದಿಲ್ಲ. ಮೊದಲ ದಿನವೇ, ಒಂದೇ ಕಿಟಕಿಯ ಬೆಳಕಿನಲ್ಲಿ, ಮೇಕಪ್ ಇಲ್ಲದೆ, ಮೂರು ಕಡೆಯಿಂದ ನಾನೇ ಫೋಟೊ ತೆಗೆದಿಡುತ್ತೇನೆ.

ಮೊನ್ನೆ ಒಬ್ಬರು ಒಂದು ವರ್ಷ ಎರಡು ತಿಂಗಳ ನಂತರ ಬಂದು, "ಎಲ್ಲ ಕರಗಿಹೋಯಿತು ಡಾಕ್ಟರೇ, ಮತ್ತೆ ಹಾಕಿ" ಎಂದರು. ಅದೇ ಕಿಟಕಿಯ ಬಳಿ ಕೂರಿಸಿ, ಹೊಸ ಫೋಟೊ ತೆಗೆದು, ಹಳೆಯದರ ಪಕ್ಕ ಇಟ್ಟು ತೋರಿಸಿದೆ. ಕನ್ನಡಕ ಹಾಕಿಕೊಂಡು ತುಂಬ ಹೊತ್ತು ನೋಡಿದರು. "ಹಾಗಾದರೆ ಇನ್ನಾರು ತಿಂಗಳು ಬಿಟ್ಟು ಬರುತ್ತೇನೆ" ಎಂದು ಚೀಲ ತೆಗೆದುಕೊಂಡು ಎದ್ದರು.