ಮರಳುಗಾಡಿನ ನಕಾಶೆಯಲ್ಲಿ ಮೊದಲು ನೀರು

ಗೆಳೆಯನೊಬ್ಬ ಮಕ್ಕಳಿಗಾಗಿ ಬರೆದ ಕಥೆಗೆ ಕಾಲ್ಪನಿಕ ಮರಳುಗಾಡೊಂದರ ನಕಾಶೆ ಬಿಡಿಸುತ್ತಿದ್ದೇನೆ. ಅವನು ಗೀಚಿ ಕಳಿಸಿದ್ದರಲ್ಲಿ ಒಂದು ಕೋಟೆ, ಒಂದೆರಡು ಒಂಟೆ, ಉಳಿದ ಹಾಳೆ ತುಂಬಾ ಮರಳು ದಿಬ್ಬ. "ಮರಳುಗಾಡು ಅಂದ್ರೆ ಮರಳೇ ಅಲ್ವಾ?" ಅಂದ. ಅಲ್ಲವೇ ಅಲ್ಲ. ಸಹಾರಾದಲ್ಲೇ ಮರಳು ಇರುವುದು ಸುಮಾರು ಕಾಲುಭಾಗ. ಉಳಿದದ್ದು ಬಂಡೆ, ಜಲ್ಲಿ, ಬೆಟ್ಟ.

ಮೊದಲು ಗಾಳಿಯ ದಿಕ್ಕು ಗೊತ್ತುಮಾಡಿಕೊಂಡೆ. ಪಶ್ಚಿಮದಿಂದ. ಆ ಅಂಚಿಗೆ ಎತ್ತರದ ಬೆಟ್ಟಸಾಲು ಹಾಕಿದೆ. ಮೋಡವೆಲ್ಲ ಅಲ್ಲೇ ಸುರಿದು ಮುಗಿಯಬೇಕು, ಆಚೆಗೆ ಒಣ ನೆಲ. ನಮ್ಮಲ್ಲೂ ಇದೇ ತಾನೇ? ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರ್ ದಾಟುವ ಮಳೆ, ಚಳ್ಳಕೆರೆಗೆ ಬರುವಷ್ಟರಲ್ಲಿ 600 ಕೂಡ ಮುಟ್ಟುವುದಿಲ್ಲ.

ಗಾಳಿ ಗೊತ್ತಾದರೆ ದಿಬ್ಬ ಸುಲಭ. ಅರ್ಧಚಂದ್ರದ ದಿಬ್ಬದ ಎರಡೂ ಕೊಂಬು ಗಾಳಿ ಹೋಗುವ ಕಡೆಗೆ ಚಾಚಿರುತ್ತವೆ. ಗಾಳಿ ಬಡಿಯುವ ಬದಿ ನಿಧಾನಕ್ಕೆ ಏರುತ್ತದೆ, ಮರೆಯ ಬದಿ ಕಡಿದಾಗಿ ಇಳಿಯುತ್ತದೆ, ಹತ್ತಿರ ಹತ್ತಿರ 34 ಡಿಗ್ರಿ. ನೆರಳಿನ ಗೆರೆ ಆ ಕಡಿದಾದ ಬದಿಗೆ ಮಾತ್ರ ಎಳೆದರೆ ಸಾಕು, ದಿಬ್ಬ ಹಾಳೆಯಿಂದ ಎದ್ದು ನಿಲ್ಲುತ್ತದೆ.

ನದಿಯನ್ನು ಸಮುದ್ರಕ್ಕೆ ಸೇರಿಸಲಿಲ್ಲ. ರಾಜಸ್ಥಾನದ ಲೂಣಿ ಅರಾವಳಿಯಲ್ಲಿ ಹುಟ್ಟಿ, ಹೋಗ್ತಾ ಹೋಗ್ತಾ ಉಪ್ಪಾಗಿ, ಕಚ್ಛದ ರಣದಲ್ಲಿ ಮುಗಿದುಹೋಗುತ್ತದೆ. ನನ್ನ ನದಿಯೂ ಹಾಗೇ. ಬೆಟ್ಟದ ಬುಡದಲ್ಲಿ ದಪ್ಪ ನೀಲಿ ಗೆರೆ, ಆಮೇಲೆ ತೆಳು, ಆಮೇಲೆ ಚುಕ್ಕೆ ಚುಕ್ಕೆ, ಕೊನೆಗೆ ಬಿಳಿ ಉಪ್ಪಿನ ಬಯಲು.

ಊರುಗಳಿಗೆ ಗೆಳೆಯ 'ಜರ್ಕಾಥ್', 'ಖಲ್ಮೂರ್' ಅಂತೇನೋ ಹೆಸರು ಕೊಟ್ಟಿದ್ದ. ಕೇಳಲು ಗಂಭೀರ, ಹೇಳಲು ಏನೂ ಇಲ್ಲ. ನೀರಿಲ್ಲದ ನಾಡಿನ ಜನ ಊರಿಗೆ ನೀರಿನ ಹೆಸರನ್ನೇ ಇಟ್ಟಾರು. ಅದಕ್ಕೇ ಕಹಿಬಾವಿ, ಕುರುಡುಹಳ್ಳ, ಏಳುಹಗ್ಗದಬಾವಿ ಅಂತ ಬದಲಿಸಿದೆ. ಬಾವಿ ಎಷ್ಟು ಆಳ ಅಂತ ಮಗುವಿಗೆ ಬೇರೆ ಹೇಳಬೇಕಾಗಿಲ್ಲ. ಬಾವಿಯಿಂದ ಬಾವಿಗೆ ಒಂಟೆಯ ಒಂದು ದಿನದ ದಾರಿ, 30-40 ಕಿಲೋಮೀಟರ್. ನಕಾಶೆಯ ಅಳತೆಯೂ ಅದರಿಂದಲೇ ಸಿಕ್ಕಿತು.

ಜಾಸ್ತಿ ಹೊತ್ತು ಹಿಡಿದದ್ದು ಅಕ್ಷರ. ಊರಿನ ಚುಕ್ಕೆಯ ಬಲಕ್ಕೆ, ಸ್ವಲ್ಪ ಮೇಲೆ ಹೆಸರು ಬರೆಯಬೇಕು ಅನ್ನುವುದು ಸ್ವಿಟ್ಜರ್ಲೆಂಡಿನ ನಕಾಶೆಗಾರ ಎಡ್ವರ್ಡ್ ಇಮ್‌ಹಾಫ್ ಹೇಳಿದ ಪಾಠ. ಕನ್ನಡದಲ್ಲಿ ಒತ್ತು ಕೆಳಗೆ ಇಳಿಯುತ್ತದಲ್ಲ! 'ಏಳುಹಗ್ಗದಬಾವಿ'ಯ ಗ ಒತ್ತು ಕೆಳಗಿನ ದಾರಿಯ ಗೆರೆಯ ಮೇಲೇ ಬಂದು ಕೂತಿತು. ಹೆಸರನ್ನು ಇನ್ನಷ್ಟು ಮೇಲಕ್ಕೆ ಎತ್ತಿದೆ. ಇಂಗ್ಲಿಷಿನಲ್ಲಿ ರಾಜ್ಯಕ್ಕೆ ದೊಡ್ಡಕ್ಷರ, ಊರಿಗೆ ಸಣ್ಣಕ್ಷರ ಅಂತ ತಪ್ಪಿಸಿಕೊಳ್ಳಬಹುದು. ನಮಗೆ ಆ ಸೌಲಭ್ಯ ಇಲ್ಲ. ಹಾಗಾಗಿ ಬಣ್ಣದಲ್ಲೇ ಬೇರೆ ಮಾಡಿದೆ: ಬೆಟ್ಟಕ್ಕೆ ಕಂದು, ನೀರಿಗೆ ನೀಲಿ, ಊರಿಗೆ ಕಪ್ಪು. ಈಗ ಹೆಸರುಗಳೆಲ್ಲ ಕೂತಿವೆ. ಸುತ್ತ ಉಳಿದ ಜಾಗಕ್ಕೆ ಮಾತ್ರ ದಿಬ್ಬ ಬರೆಯುತ್ತಿದ್ದೇನೆ.