ಬಾಗಿಲು ಮುಚ್ಚುವ ಹಬ್ಬದಿಂದ ಬಯಲಿನ ಹಂದರದವರೆಗೆ

2022ರ ಅಕ್ಟೋಬರ್ 4ರ ಬೆಳಿಗ್ಗೆ ಹುಬ್ಬಳ್ಳಿಯ ಬಸ್ಸು ನನ್ನನ್ನು ಮುಂಬೈ ಪಕ್ಕದ ಠಾಣೆ ನಗರದಲ್ಲಿ ಇಳಿಸಿದಾಗ ಊರು ಮಹಾನವಮಿಯ ಸಡಗರದಲ್ಲಿತ್ತು. ನಾನು ಹೊರಟಿದ್ದದ್ದು ಬೇರೊಂದು ಹಬ್ಬಕ್ಕೆ. ಬೆಳಗಾವಿಯ ಬ್ಯಾಂಕಿನಲ್ಲಿ ಆರು ವರ್ಷ ನನ್ನ ಪಕ್ಕದ ಮೇಜಿನಲ್ಲಿ ಕೆಲಸ ಮಾಡಿದ ಗೆಳತಿ ಬೆನೆ ಇಸ್ರೇಲ್ ಸಮುದಾಯದವಳು. ಕೊಂಕಣದ ಕರಾವಳಿಯಲ್ಲಿ ಶತಮಾನಗಳಿಂದ ನೆಲೆಸಿರುವ, ಮನೆಯಲ್ಲಿ ಮರಾಠಿ ಆಡುವ ಯಹೂದಿಗಳು ಇವರು. "ಒಮ್ಮೆ ನಮ್ಮ ತಿಶ್ರಿ ತಿಂಗಳಲ್ಲಿ ಬಾ" ಎಂದು ಅವಳು ಕರೆಯುತ್ತಲೇ ಇದ್ದಳು. ನಿವೃತ್ತಿಯ ನಂತರ ಆ ಮಾತು ನಡೆಸಲು ನನಗೆ ಸಾಧ್ಯವಾಯಿತು.

ತಿಶ್ರಿ ಎಂಬುದು ಯಹೂದಿ ಪಂಚಾಂಗದ ತಿಂಗಳು. ಅವರದೂ ಚಂದ್ರನನ್ನು ಅನುಸರಿಸುವ ಪಂಚಾಂಗವೇ. ಋತುಗಳು ಹಿಂದೆ ಸರಿಯದಂತೆ ಹತ್ತೊಂಬತ್ತು ವರ್ಷಕ್ಕೆ ಏಳು ಬಾರಿ ಅಧಿಕ ಮಾಸ ಸೇರಿಸುತ್ತಾರೆ. ಹೀಗಾಗಿ ಬಹಳಷ್ಟು ವರ್ಷಗಳಲ್ಲಿ ತಿಶ್ರಿಯೂ ನಮ್ಮ ಆಶ್ವಯುಜವೂ ಜೊತೆಜೊತೆಗೇ ನಡೆಯುತ್ತವೆ. ಆ ವರ್ಷ ಮಹಾಲಯ ಅಮಾವಾಸ್ಯೆ ಕಳೆದು ನಮ್ಮಲ್ಲಿ ಘಟಸ್ಥಾಪನೆಯಾದ ದಿನವೇ ಅವರಲ್ಲಿ ಹೊಸವರ್ಷದ ರೋಶ್ ಹಶಾನಾ. ಹತ್ತನೆಯ ದಿನ ನಮಗೆ ವಿಜಯದಶಮಿಯಾದರೆ ಅವರಿಗೆ ಪ್ರಾಯಶ್ಚಿತ್ತದ ಯೋಮ್ ಕಿಪ್ಪುರ್. ಹುಣ್ಣಿಮೆಯಂದು ನಮಗೆ ಶೀಗಿ ಹುಣ್ಣಿಮೆ, ಅವರಿಗೆ ಹಂದರದ ಹಬ್ಬವಾದ ಸುಕ್ಕೋತ್. ನಾನು ಹುಟ್ಟಿದಂದಿನಿಂದ ನೋಡುತ್ತ ಬಂದ ಚಂದ್ರನ ಕೆಳಗೇ ಇನ್ನೊಂದು ಜನ ಇನ್ನೊಂದು ಲೆಕ್ಕದಲ್ಲಿ ಹಬ್ಬ ಮಾಡುತ್ತ ಬಂದಿದ್ದಾರೆಂಬ ಸಂಗತಿ, ಗೆಳತಿಯ ಅಡುಗೆಮನೆಯ ಗೋಡೆಯಲ್ಲಿ ಅಕ್ಕಪಕ್ಕದಲ್ಲೇ ತೂಗುತ್ತಿದ್ದ ಎರಡು ಕ್ಯಾಲೆಂಡರುಗಳನ್ನು ಕಂಡಾಗ ಮನಸ್ಸಿಗೆ ನಾಟಿತು.

ಗೆಳತಿಯ ಅತ್ತೆಗೆ ಎಂಬತ್ತು ದಾಟಿದೆ. ಎಲ್ಲರೂ ಅವರನ್ನು ಆಜಿ ಎನ್ನುತ್ತಾರೆ. ನಾನು ಮನೆ ಮುಟ್ಟುತ್ತಲೇ ಅವರು ಹೊಸವರ್ಷಕ್ಕೆ ಮಾಡಿದ್ದ ಚೀಕಾಚಾ ಹಲ್ವಾ ಎತ್ತಿಟ್ಟದ್ದನ್ನು ತಂದರು. ಗೋಧಿಯನ್ನು ನೆನೆಸಿ, ರುಬ್ಬಿ, ಹಾಲು ಹಿಂಡಿ, ತೆಂಗಿನಹಾಲು ಸಕ್ಕರೆಯೊಡನೆ ಗಂಟೆಗಟ್ಟಲೆ ಮಗುಚಿ ತಟ್ಟೆಗೆ ಸುರಿದು ಕತ್ತರಿಸುವ ಸಿಹಿ. ನಮ್ಮ ಗೋಧಿ ಹಾಲುಬಾಯಿಯ ಒಡಹುಟ್ಟು ಎನ್ನಬಹುದು. ಹಸುವಿನ ಹಾಲನ್ನು ಏಕೆ ಹಾಕುವುದಿಲ್ಲವೆಂದು ಕೇಳಿದೆ. ಮಾಂಸದ ಜೊತೆ ಹಾಲನ್ನು ಸೇರಿಸಬಾರದೆಂಬುದು ಅವರ ಆಹಾರ ನಿಯಮ. ಹಬ್ಬದೂಟದ ನಂತರವೂ ತಿನ್ನಲು ಬರುವಂತೆ ಸಿಹಿಯನ್ನು ತೆಂಗಿನಹಾಲಿನಲ್ಲೇ ಮಾಡುತ್ತಾರೆ. ಪಶ್ಚಿಮ ಏಷ್ಯಾದಲ್ಲಿ ಹುಟ್ಟಿದ ನಿಯಮವೊಂದು ಕೊಂಕಣದ ತೆಂಗಿನ ತೋಟದಲ್ಲಿ ಇಷ್ಟು ಸಲೀಸಾಗಿ ದಾರಿ ಕಂಡುಕೊಂಡಿರುವುದನ್ನು ನಾನು ಮನಸಾರೆ ಮೆಚ್ಚಿದೆ.

ಯೋಮ್ ಕಿಪ್ಪುರ್ ಎಂಬ ಹೆಸರನ್ನು ಆಜಿ ಹೆಚ್ಚು ಬಳಸುವುದಿಲ್ಲ. ಅವರಿಗೆ ಅದು ದಾರ್‌ಫಾಳ್ಣಿಚಾ ಸಣ, ಅಂದರೆ ಬಾಗಿಲು ಮುಚ್ಚುವ ಹಬ್ಬ. ಬೆನೆ ಇಸ್ರೇಲರ ಪೂರ್ವಿಕರಿಗೆ ಹೀಬ್ರೂ ಭಾಷೆ ಮರೆತುಹೋಗಿತ್ತು, ಧರ್ಮಗ್ರಂಥವೂ ಕೈಯಲ್ಲಿ ಉಳಿದಿರಲಿಲ್ಲ. ಉಳಿದದ್ದು ಶನಿವಾರದ ವಿಶ್ರಾಂತಿ, ಸುನ್ನತಿ, ಕೆಲವು ಆಹಾರ ನಿಯಮ, ಶೆಮಾ ಎಂಬ ಒಂದು ಪ್ರಾರ್ಥನಾವಾಕ್ಯ ಮತ್ತು ಈ ಹಬ್ಬಗಳು. ಆ ಕಾಲದಲ್ಲಿ ಜನ ತಣ್ಣೀರು ಬಿಸಿನೀರುಗಳಲ್ಲಿ ಮಿಂದು, ಬಿಳಿ ಬಟ್ಟೆ ಉಟ್ಟು, ಮನೆಯ ಬಾಗಿಲನ್ನು ಮುಚ್ಚಿಕೊಂಡು, ಹೊರಗಿನವರನ್ನು ಮುಟ್ಟದೆ ಮಾತನಾಡಿಸದೆ ದಿನವಿಡೀ ಉಪವಾಸ ಇರುತ್ತಿದ್ದರು. ತೀರಿಹೋದ ಹಿರಿಯರು ಆ ಹೊತ್ತಿಗೆ ಮನೆಗೆ ಬರುತ್ತಾರೆಂದು ನಂಬಿದ್ದರು. ಮರುದಿನ ಶಿಳಾ ಸಣ, ತಂಗಳ ಹಬ್ಬ. ಹಿರಿಯರು ಮರಳಿ ಹೋಗುವ ದಿನವೆಂದು ಅಂದು ದಾನ ಕೊಟ್ಟು, ನೆಂಟರಿಷ್ಟರ ಮನೆಗೆ ಹೋಗಿಬರುತ್ತಿದ್ದರು. ಹತ್ತು ದಿನದ ಹಿಂದಷ್ಟೇ ಧಾರವಾಡದಲ್ಲಿ ನಮ್ಮ ಮನೆಯ ಹಿರಿಯರಿಗೆ ಎಡೆ ಇಟ್ಟು ಬಂದಿದ್ದ ನನಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಸಂಜೆ ಸೂರ್ಯ ಮುಳುಗುವ ಮೊದಲೇ ಊಟ ಮುಗಿಸಿ ನಾವು ಯಹೂದಿಗಳ ಪ್ರಾರ್ಥನಾಮಂದಿರವಾದ ಸಿನಗಾಗ್‌ಗೆ ನಡೆದೇ ಹೊರಟೆವು. ಠಾಣೆಯ ಶಾರ್ ಹಶಾಮಾಯಿಮ್, ಅಂದರೆ ಸ್ವರ್ಗದ ಬಾಗಿಲು, 1879ರಲ್ಲಿ ಕಟ್ಟಿದ್ದು. ಅದು ಇರುವ ಟೆಂಭಿ ನಾಕಾ ನವರಾತ್ರಿಯ ದೇವಿ ಉತ್ಸವಕ್ಕೆ ಹೆಸರಾದ ಬಡಾವಣೆ. ದೀಪದ ತೋರಣಗಳ ಕೆಳಗೆ, ದೇವಿಯ ದರ್ಶನಕ್ಕೆ ಸಾಲುಗಟ್ಟಿದ್ದ ಜನರ ನಡುವೆ, ಬಿಳಿ ಸೀರೆಯ ಹೆಂಗಸರೂ ಬಿಳಿ ಅಂಗಿಯ ಗಂಡಸರೂ ಮೆಲ್ಲನೆ ದಾರಿ ಮಾಡಿಕೊಂಡು ಹೋಗುತ್ತಿದ್ದರು. 2008ರ ನವೆಂಬರ್‌ನ ದಾಳಿಯಲ್ಲಿ ಮುಂಬೈಯ ನರಿಮನ್ ಹೌಸ್‌ನ ಯಹೂದಿ ಕೇಂದ್ರವೂ ಗುರಿಯಾದದ್ದನ್ನು ಇಲ್ಲಿ ಯಾರೂ ಮರೆತಿಲ್ಲ. ಗೇಟಿನಲ್ಲಿ ಪೊಲೀಸರಿದ್ದರು; ನನ್ನ ಗುರುತಿನ ಚೀಟಿ ನೋಡಿ, ಹೆಸರು ಬರೆದುಕೊಂಡು, ಗೆಳತಿ ನನ್ನ ಪರವಾಗಿ ಹೇಳಿದ ಮೇಲೆ ಒಳಗೆ ಬಿಟ್ಟರು.

ಹೆಂಗಸರ ಸಾಲಿನಲ್ಲಿ ಆಜಿಯ ಪಕ್ಕ ಕುಳಿತೆ. ಧರ್ಮಗ್ರಂಥವಾದ ತೋರಾದ ಸುರುಳಿಗಳಿರುವ ಪೆಟ್ಟಿಗೆ ಜೆರುಸಲೇಮಿನ ದಿಕ್ಕಿಗೆ ಇರಬೇಕಾದ್ದರಿಂದ ಇಲ್ಲಿಯವರು ಪಶ್ಚಿಮಕ್ಕೆ ಮುಖ ಮಾಡಿ ಪ್ರಾರ್ಥಿಸುತ್ತಾರೆ. ಪ್ರಾರ್ಥನೆ ಆರಂಭವಾಗುವುದು ಕೋಲ್ ನಿದ್ರೆ ಎಂಬ ಅರಾಮಿಕ್ ಭಾಷೆಯ ಪಠ್ಯದಿಂದ. ದೇವರಿಗೆ ಹೊತ್ತು ನಡೆಸಲಾಗದ ಹರಕೆಗಳಿಂದ ಬಿಡುಗಡೆ ಬೇಡುವ ಅದನ್ನು ಮೂರು ಬಾರಿ ಹೇಳಿದರು. ಹೊರಗೆ ದೇವಿಯ ಮುಂದೆ ಡೋಲು ಬಾರಿಸುತ್ತಿತ್ತು. ಒಳಗಿನವರ ದನಿ ಮೊದಲಿಗೆ ಅದರಲ್ಲಿ ಮುಳುಗಿಹೋಗುತ್ತದೇನೋ ಎನಿಸಿತು. ಮೂರನೆಯ ಬಾರಿಗೆ ನೂರಾರು ಕಂಠ ಕೂಡಿದಾಗ ನನಗೆ ಡೋಲಿನ ಸದ್ದು ಕೇಳಿಸಲೇ ಇಲ್ಲ.

ಆ ಸಂಜೆಯಿಂದ ಮರುದಿನ ರಾತ್ರಿ ಬೀಳುವವರೆಗೆ ನೀರೂ ಇಲ್ಲದ ಉಪವಾಸ. ನಾನೂ ಅವರೊಡನೆ ಇದ್ದೆ. ಮಧ್ಯಾಹ್ನದ ಬಿಸಿಲಿನಲ್ಲಿ ವಯಸ್ಸಾದವರು ಹೊರಗಿನ ಕಟ್ಟೆಯ ಮೇಲೆ ವಿಶ್ರಮಿಸಿದರು. ಮಕ್ಕಳು ಅಂಗಳದಲ್ಲಿ ಓಡಾಡಿದರು. ಇಸ್ರೇಲಿಗೆ ಹೋದ ಅಕ್ಕ, ತಮ್ಮ, ಮಗ, ಸೊಸೆಯರ ಸುದ್ದಿ ಒಬ್ಬರಿಂದೊಬ್ಬರಿಗೆ ಹರಿದಾಡಿತು. ಒಂದು ಕಾಲಕ್ಕೆ ಭಾರತದಲ್ಲಿ ಇಪ್ಪತ್ತು ಸಾವಿರದಷ್ಟಿದ್ದ ಈ ಸಮುದಾಯ 1948ರ ನಂತರದ ದಶಕಗಳಲ್ಲಿ ವಲಸೆ ಹೋಗುತ್ತ ಹೋಗುತ್ತ ಈಗ ನಾಲ್ಕೈದು ಸಾವಿರಕ್ಕೆ ಇಳಿದಿದೆ. ಅಲ್ಲಿ ಕುಳಿತ ಪ್ರತಿಯೊಬ್ಬ ಹೆಂಗಸಿಗೂ ಹಬ್ಬದ ದಿನ ನೆನೆಯಲು ದೂರದೇಶದ ಒಂದು ಮನೆಯಾದರೂ ಇತ್ತು.

ಕೊನೆಯ ಪ್ರಾರ್ಥನೆಗೆ ನೆಯಿಲಾ ಎಂದು ಹೆಸರು. ಮುಚ್ಚುವುದು ಎಂದೇ ಅದರ ಅರ್ಥ: ದಿನ ಮುಳುಗುತ್ತಿದೆ, ಸ್ವರ್ಗದ ಬಾಗಿಲು ಮುಚ್ಚುತ್ತಿದೆ, ಅದಕ್ಕೆ ಮೊದಲು ಮೊರೆ ಕೇಳಿಸಿಕೋ ಎಂಬ ಬೇಡಿಕೆ. ಬಾಗಿಲು ಮುಚ್ಚುವ ಹಬ್ಬವೆಂಬ ಆಜಿಯ ಮಾತು ಆಗ ನನ್ನಲ್ಲಿ ಮತ್ತೊಂದು ಅರ್ಥ ಪಡೆಯಿತು. ಗ್ರಂಥ ಕಳೆದುಕೊಂಡ ಹಳ್ಳಿಗರು ತಮ್ಮ ಮನೆಯ ಬಾಗಿಲನ್ನು ಮುಚ್ಚಿಕೊಳ್ಳುವ ಮೂಲಕವೇ ಈ ಪ್ರಾರ್ಥನೆಯ ತಿರುಳನ್ನು ಉಳಿಸಿಕೊಂಡಿದ್ದಿರಬಹುದು. ಇದು ನನ್ನ ಊಹೆ, ಆದರೆ ಆಜಿ ತಲೆಯಾಡಿಸಿ ಒಪ್ಪಿದರು. ಎಲ್ಲರೂ ಎದ್ದು ನಿಂತರು. ಟಗರಿನ ಕೊಂಬಿನ ಶೋಫಾರ್ ಒಂದೇ ಉಸಿರಿನಲ್ಲಿ ದೀರ್ಘವಾಗಿ ಮೊಳಗಿತು.

ಆಮೇಲೆ ನಡೆದದ್ದನ್ನು ನಾನು ಮರೆಯಲಾರೆ. ಜನ ಒಬ್ಬರ ಕೈಯನ್ನು ಒಬ್ಬರು ಎರಡೂ ಕೈಗಳಲ್ಲಿ ಹಿಡಿದು, ಬಿಟ್ಟು, ತಮ್ಮ ಬೆರಳುಗಳನ್ನು ತುಟಿಗೆ ಒತ್ತಿಕೊಂಡರು. ಇದಕ್ಕೆ ಹಾಥ್ ಬೋಶಿ ಎನ್ನುತ್ತಾರೆ. ಮಾತು ಬಿಟ್ಟವರೂ ಈ ಸಂಜೆ ಕೈ ನೀಡುತ್ತಾರೆ. ಮನುಷ್ಯರಿಗೆ ಮಾಡಿದ ತಪ್ಪನ್ನು ಮನುಷ್ಯರೇ ಕ್ಷಮಿಸಬೇಕು, ಉಪವಾಸ ಮಾತ್ರದಿಂದ ಅದು ತೊಳೆದುಹೋಗದು ಎಂಬುದು ಅವರ ಧರ್ಮದ ಮಾತು. ನನ್ನ ಕೈಗೂ ಹತ್ತಾರು ಕೈಗಳು ಬಂದವು. ಮನೆಗೆ ಮರಳಿ ಕಪ್ಪು ಒಣದ್ರಾಕ್ಷಿ ನೆನೆಸಿ ಮಾಡಿದ ಶರಬತ್ತು ಕುಡಿದು ಕುಳಿತಿದ್ದಾಗ ಎದುರುಮನೆಯ ಮರಾಠಿ ದಂಪತಿ ಆಪ್ಟಾ ಎಲೆ ಹಿಡಿದು ಬಂದರು, "ಸೋನಂ ಘ್ಯಾ" ಎಂದರು. ನಮ್ಮಲ್ಲಿ ಬನ್ನಿ ಕೊಟ್ಟು, ಬಂಗಾರ ತಗೊಂಡು ಬಂಗಾರದಂಗ ಇರೋಣು ಎನ್ನುವ ಅದೇ ಸಂಜೆ. ಊರಿನಿಂದ ಚೀಲದಲ್ಲಿ ತಂದಿದ್ದ ಬನ್ನಿಯನ್ನು ನಾನೂ ತೆಗೆದು ಆಜಿಯ ಕೈಗಿಟ್ಟು ಕಾಲು ಮುಟ್ಟಿದೆ. ಅವರು ನನ್ನ ಕೈ ಹಿಡಿದು ತಮ್ಮ ಬೆರಳನ್ನು ತುಟಿಗೆ ಒತ್ತಿಕೊಂಡರು.

ಗುರುವಾರ ಮುಂಬೈಯ ಮಾಂಡ್ವಿಗೆ ಹೋದೆವು. ಲೋಕಲ್ ರೈಲಿನಲ್ಲಿ ಇಳಿಯಬೇಕಾದ ನಿಲ್ದಾಣದ ಹೆಸರು ಮಸ್ಜಿದ್. ಬೆನೆ ಇಸ್ರೇಲರು ತಮ್ಮ ಸಿನಗಾಗ್‌ಗಳನ್ನೂ ಮಶೀದ್ ಎಂದೇ ಕರೆಯುತ್ತಿದ್ದರು. ಅವರ ಜುನಿ ಮಶೀದ್‌ನಿಂದಲೇ, ಅಂದರೆ ಹಳೆಯ ಸಿನಗಾಗ್‌ನಿಂದಲೇ, ನಿಲ್ದಾಣಕ್ಕೆ ಈ ಹೆಸರು ಬಂತೆಂದು ಅಲ್ಲಿ ಹೇಳುತ್ತಾರೆ. ಸಗಟು ವ್ಯಾಪಾರದ ಮೂಟೆಗಳು, ಕೈಗಾಡಿಗಳು, ಹಮಾಲರ ಕೂಗು ತುಂಬಿದ ಸ್ಯಾಮ್ಯುಯಲ್ ಸ್ಟ್ರೀಟ್‌ನಲ್ಲಿ ಆ ಶಾರ್ ಹರಹಮೀಮ್, ಕರುಣೆಯ ಬಾಗಿಲು, ನಿಂತಿದೆ. ಮುಂಬೈಯ ಮೊದಲ ಸಿನಗಾಗ್ ಇದು, 1796ರದು. ಈಗಿರುವ ಜಾಗಕ್ಕೆ ಬಂದದ್ದು 1860ರಲ್ಲಿ. ಕಟ್ಟಿಸಿದವರು ಸ್ಯಾಮ್ಯುಯಲ್ ಎಜಿಕಿಯೆಲ್ ದಿವೇಕರ್. ಕಂಪನಿಯ ಸೈನ್ಯದಲ್ಲಿ ಅಧಿಕಾರಿಯಾಗಿದ್ದ ಅವರು ಮೈಸೂರು ಯುದ್ಧದಲ್ಲಿ ಟಿಪ್ಪು ಸುಲ್ತಾನನ ಸೈನ್ಯಕ್ಕೆ ಸೆರೆ ಸಿಕ್ಕರು. ಸೆರೆಯಾಳುಗಳು ತಮ್ಮನ್ನು ಬೆನೆ ಇಸ್ರೇಲರೆಂದು ಹೇಳಿಕೊಂಡಾಗ, ಕುರಾನಿನಲ್ಲಿ ಕೇಳಿದ ಆ ಹೆಸರಿನ ಜನರನ್ನು ಕೊಲ್ಲಬೇಡವೆಂದು ಸುಲ್ತಾನನ ತಾಯಿ ಬೇಡಿಕೊಂಡಳೆಂಬುದು ಸಮುದಾಯದ ಪ್ರತೀತಿ. ಬದುಕಿ ಮರಳಿದರೆ ಪ್ರಾರ್ಥನಾಮಂದಿರ ಕಟ್ಟಿಸುತ್ತೇನೆಂಬ ಹರಕೆಯನ್ನು ಅವರು ತೀರಿಸಿದರು. ತೋರಾ ಸುರುಳಿ ತರಲೆಂದು ಕೊಚ್ಚಿಗೆ ಹೋದವರು 1797ರಲ್ಲಿ ಅಲ್ಲಿಯೇ ತೀರಿಕೊಂಡರು. ಕನ್ನಡ ನಾಡಿನ ಒಂದು ಯುದ್ಧದ ನೆನಪು ಮುಂಬೈಯ ಗಲ್ಲಿಯಲ್ಲಿ ಕರುಣೆ ಎಂಬ ಹೆಸರು ಹೊತ್ತು ನಿಂತಿರುವುದನ್ನು ಕಂಡು, ಖಾಲಿ ಬೆಂಚಿನಲ್ಲಿ ನಾನು ಬಹಳ ಹೊತ್ತು ಕುಳಿತೆ. ಸುತ್ತಮುತ್ತಲಿನ ಯಹೂದಿ ಕುಟುಂಬಗಳು ಬಹುತೇಕ ಬೇರೆಡೆಗೆ ಹೋಗಿವೆ.

ಶುಕ್ರವಾರ ಭಾವೂಚಾ ಧಕ್ಕಾದಿಂದ ದೋಣಿ ಹಿಡಿದು ಮಾಂಡ್ವಾಕ್ಕೆ, ಅಲ್ಲಿಂದ ಅಲಿಬಾಗದ ದಾರಿಯಲ್ಲಿ ನವಗಾಂವ್‌ಗೆ. ಹಡಗು ಒಡೆದು ಏಳು ಗಂಡಸರು, ಏಳು ಹೆಂಗಸರು ಈ ದಡಕ್ಕೆ ಈಜಿ ಬಂದರು, ಮುಳುಗಿದವರನ್ನು ಇಲ್ಲಿ ಮಣ್ಣು ಮಾಡಿದರು ಎಂಬುದು ಬೆನೆ ಇಸ್ರೇಲರ ಮೂಲಕಥೆ. ಅಲ್ಲೊಂದು ಸ್ಮಾರಕವಿದೆ. ಗೆಳತಿ ಗೋರಿಯ ಮೇಲೆ ಒಂದು ಕಲ್ಲಿಟ್ಟಳು. ಸುತ್ತಲಿನ ಹಳ್ಳಿಗಳ ಹೆಸರೇ ಇವರ ಅಡ್ಡಹೆಸರು: ದಿವೆಯವರು ದಿವೇಕರ್, ಕಿಹೀಮ್‌ನವರು ಕೆಹಿಮ್ಕರ್, ಪೇಣ್‌ನವರು ಪೇಣ್ಕರ್. ಎಣ್ಣೆ ಗಾಣ ನಡೆಸುತ್ತಿದ್ದ ಇವರು ಶನಿವಾರ ಗಾಣಕ್ಕೆ ಎತ್ತು ಕಟ್ಟದ ಕಾರಣ ಊರವರು ಶನಿವಾರ್ ತೇಲಿಗಳೆಂದು ಕರೆದರು.

ಅಲಿಬಾಗದ ಇಸ್ರೇಲ್ ಆಳಿ ಎಂಬ ಓಣಿಯ ಮಾಗೇನ್ ಅಬೋತ್ ಸಿನಗಾಗ್‌ನಲ್ಲಿ ಅಂದು ಸಂಜೆ ಸಬ್ಬತ್ತಿನ, ಅಂದರೆ ಶುಕ್ರವಾರದ ಸೂರ್ಯಾಸ್ತಕ್ಕೇ ಆರಂಭವಾಗುವ ಶನಿವಾರದ ವಿಶ್ರಾಂತಿಯ, ಪ್ರಾರ್ಥನೆ. ಸಾಮೂಹಿಕ ಪ್ರಾರ್ಥನೆಗೆ ಹತ್ತು ಮಂದಿ ವಯಸ್ಕ ಗಂಡಸರು ಬೇಕು. ಠಾಣೆಯಲ್ಲಿ ಯಾರೂ ಎಣಿಸಿರಲಿಲ್ಲ. ಇಲ್ಲಿ ಎಲ್ಲರ ಕಣ್ಣೂ ಬಾಗಿಲ ಮೇಲಿತ್ತು. ಎಂಟು ಮಂದಿ ಆದರು. ರಜೆಗೆಂದು ಬಂದಿದ್ದ ತಂದೆ ಮಗ ಇಬ್ಬರು ಒದ್ದೆ ಕೂದಲಲ್ಲೇ ಓಡಿಬಂದಾಗ ಮುದುಕರೊಬ್ಬರು ಏನೂ ಹೇಳದೆ ಪುಸ್ತಕ ತೆರೆದರು. 2016ರಲ್ಲಿ ಮಹಾರಾಷ್ಟ್ರ ಸರ್ಕಾರ ಯಹೂದಿಗಳಿಗೆ ಅಲ್ಪಸಂಖ್ಯಾತ ಸ್ಥಾನ ಕೊಟ್ಟದ್ದು ಒಳ್ಳೆಯದೇ; ಆದರೆ ಅಲ್ಪಸಂಖ್ಯೆ ಎಂದರೇನೆಂದು ನನಗೆ ಅರ್ಥವಾದದ್ದು ಹತ್ತರ ಆ ಎಣಿಕೆಯಲ್ಲಿ.

ಸಬ್ಬತ್ತು ಮುಗಿಯುವವರೆಗೆ ಅಲ್ಲೇ ಉಳಿದು ಭಾನುವಾರ ಠಾಣೆಗೆ ಮರಳಿದಾಗ ಸಿನಗಾಗ್ ಅಂಗಳದಲ್ಲಿ ಸುಕ್ಕಾ ಎದ್ದಿತ್ತು. ಧಾರವಾಡದವರು ನೋಡಿದರೆ ಹಂದರ ಎಂದೇ ಕರೆದಾರು. ಈಜಿಪ್ಟಿನಿಂದ ಹೊರಟ ಪೂರ್ವಿಕರು ಮರುಭೂಮಿಯಲ್ಲಿ ನಲವತ್ತು ವರ್ಷ ಗುಡಾರಗಳಲ್ಲಿ ಕಳೆದ ನೆನಪಿಗೆ ಏಳು ದಿನ ಅದರಲ್ಲಿ ಉಣ್ಣಬೇಕು. ಅದೇ ಹೊತ್ತಿಗೆ ಅದು ಸುಗ್ಗಿಯ ಹಬ್ಬವೂ ಹೌದು. ಮಾಡಿಗೆ ತೆಂಗಿನ ಗರಿ ಹೊದಿಸಿದ್ದರು. ಬಿಸಿಲಿಗಿಂತ ನೆರಳು ಹೆಚ್ಚಿರಬೇಕು, ಆದರೂ ರಾತ್ರಿ ಗರಿಗಳ ನಡುವೆ ನಕ್ಷತ್ರ ಕಾಣಬೇಕು ಎಂದು ಗೆಳತಿ ವಿವರಿಸಿದಳು. ಬಾಳೆಗೊನೆ, ದಾಳಿಂಬೆ, ಮೋಸಂಬಿಗಳನ್ನು ಮಕ್ಕಳು ದಾರ ಕಟ್ಟಿ ತೂಗುಬಿಟ್ಟಿದ್ದರು. ಹಬ್ಬದ ಪ್ರಾರ್ಥನೆಗೆ ಹಿಡಿಯುವ ನಾಲ್ಕು ಸಸ್ಯಗಳನ್ನೂ ತೋರಿಸಿದರು: ಖರ್ಜೂರದ ಎಳೆಯ ಗರಿ, ಮಿರ್ಟಲ್ ಮತ್ತು ವಿಲ್ಲೋ ಗಿಡಗಳ ಕುಡಿ, ಜೊತೆಗೆ ಎತ್ರೋಗ್ ಎಂಬ ಹಣ್ಣು. ಹಣ್ಣನ್ನು ಮೂಸಿ ನೋಡಿದೆ. ಅದು ನಮ್ಮ ಮಾದಲ. ನನ್ನಜ್ಜಿ ಉಪ್ಪಿನಕಾಯಿ ಹಾಕುತ್ತಿದ್ದ ಹಣ್ಣು.

ರಾತ್ರಿ ಪ್ರಾರ್ಥನೆ ಮುಗಿದು ಎಲ್ಲರೂ ಹಂದರದೊಳಗೆ ಒತ್ತೊತ್ತಾಗಿ ಕುಳಿತೆವು. ಶೀಗಿ ಹುಣ್ಣಿಮೆಗೆ ಹೊಲಕ್ಕೆ ಹೋಗಿ ಬಸುರಿ ಬೆಳೆಗೆ ಚರಗ ಚೆಲ್ಲಿ ಅಲ್ಲೇ ಉಂಡು ಬರುವ ನಮ್ಮ ಕಡೆಯ ಪದ್ಧತಿಯನ್ನು ನಾನು ಹೇಳಿದೆ. ಆಜಿ ಖಿರಿಚಾ ಸಣದ ನೆನಪು ತೆಗೆದರು: ಹಿಂದೆ ತಿಶ್ರಿಯ ನಾಲ್ಕನೆಯ ದಿನ ಹೊಸ ಧಾನ್ಯ, ತೆಂಗಿನಹಾಲು ಸೇರಿಸಿ ಖೀರು ಕಾಯಿಸಿ, ಧೂಪ ಹಾಕಿ ಉಣ್ಣುತ್ತಿದ್ದರಂತೆ. ಎಂಟು ದಿನ ಬಿಟ್ಟು ಸಿಮ್ಹತ್ ತೋರಾದಂದು ಸುರುಳಿಗಳನ್ನು ಎದೆಗಪ್ಪಿಕೊಂಡು ಏಳು ಸುತ್ತು ಕುಣಿಯುವುದನ್ನು ನೋಡಿಯೇ ಹೋಗಬೇಕೆಂದು ಮಕ್ಕಳು ಹಟ ಮಾಡಿದರು. ಕೊನೆಯ ಅಧ್ಯಾಯ ಓದಿ ಮುಗಿಸಿದ ಕೂಡಲೇ ಮೊದಲ ಅಧ್ಯಾಯ ಆರಂಭಿಸುತ್ತಾರೆಂದು ಒಬ್ಬಳು ಹುಡುಗಿ ನನಗೆ ಪಾಠ ಹೇಳಿದಳು. ನನ್ನ ಬಸ್ಸು ಮರುದಿನವೇ ಇತ್ತು.

ಊಟ ಅರ್ಧವಾಗಿತ್ತು. ಹುಣ್ಣಿಮೆಯ ಚಂದ್ರನಿಗೆ ಮೋಡ ಮುಸುಕಿ, ಹಿಂಜರಿದಿದ್ದ ಮಳೆಗಾಲದ ಕೊನೆಯ ಹನಿಗಳು ಗರಿಗಳ ನಡುವಿನಿಂದ ಬೀಳತೊಡಗಿದವು. ಮಳೆ ಊಟವನ್ನು ಕೆಡಿಸುವಂತಿದ್ದರೆ ಒಳಗೆ ಹೋಗಬಹುದೆಂಬ ವಿನಾಯಿತಿ ಧರ್ಮದಲ್ಲೇ ಇದೆ ಎಂದು ಗೆಳತಿ ನನ್ನ ಕಡೆ ನೋಡಿ ಹೇಳಿದಳು. ಯಾರೂ ಏಳಲಿಲ್ಲ. ಆಜಿ ತಮ್ಮ ಬಿಳಿ ಸೀರೆಯ ಸೆರಗನ್ನು ಎಳೆದು ನನ್ನ ತಟ್ಟೆಯ ಮೇಲೆ ಹಿಡಿದು, ಊಟ ಮಾಡು ಎಂದು ಸನ್ನೆ ಮಾಡಿದರು.