ಹೊಸ ಊರಿನ ರನ್‌ವೇ, ಮೊದಲ ಎರಡು ನಿಮಿಷ

ಸ್ಯಾನ್ ಡಿಯಾಗೋದ ಬ್ರೌನ್ ಫೀಲ್ಡ್‌ನಿಂದ 1991ರ ಮಾರ್ಚ್‌ನಲ್ಲಿ ರಾತ್ರಿ ಹೊರಟ ಜೆಟ್ ಒಟಾಯ್ ಬೆಟ್ಟಕ್ಕೆ ಬಡಿದು 10 ಜನ ಸತ್ತರು. 2004ರ ಅಕ್ಟೋಬರ್‌ನಲ್ಲಿ ಮತ್ತೆ ಅದೇ ಏರ್‌ಪೋರ್ಟ್, ಅದೇ ಬೆಟ್ಟ, 5 ಜನ. ಎರಡೂ ಸಲ, ಐಎಫ್‌ಆರ್ (ಉಪಕರಣ ನೋಡಿ ಹಾರುವ ನಿಯಮ) ಕ್ಲಿಯರೆನ್ಸನ್ನು, ಅಂದರೆ ಕಂಟ್ರೋಲರ್ ಅನುಮತಿಯನ್ನು, ಮೇಲೇರಿದ ಮೇಲೆ ಪಡೆದರಾಯಿತು ಎಂದು ವಿಎಫ್‌ಆರ್‌ನಲ್ಲಿ (ಕಣ್ಣಿಂದ ಹೊರಗೆ ನೋಡಿ ಹಾರುವ ನಿಯಮ) ಹೊರಟಿದ್ದರು. ದೀಪವಿಲ್ಲದ ಬೆಟ್ಟ ಕತ್ತಲಲ್ಲಿ ಕಾಣುವುದಿಲ್ಲ. 13 ವರ್ಷದ ನಂತರವೂ ಅದೇ ಬೆಟ್ಟ ಅನ್ನುವುದು ಮನಸ್ಸಿನಿಂದ ಹೋಗುವುದೇ ಇಲ್ಲ.

ಅಮೆರಿಕದಲ್ಲಿ ಡಿಪಾರ್ಚರ್ ಪ್ರೊಸೀಜರ್‌ನ (ಹೊರಡುವಾಗ ಅಡೆತಡೆ ತಪ್ಪಿಸಿ ಏರುವ ನಿಗದಿತ ದಾರಿ) ಮೂಲ ಲೆಕ್ಕ ಇಷ್ಟು: ರನ್‌ವೇ ಕೊನೆಯನ್ನು ಕನಿಷ್ಠ 35 ಅಡಿ ಎತ್ತರದಲ್ಲಿ ದಾಟಬೇಕು, 400 ಅಡಿ ಏರುವವರೆಗೆ ತಿರುಗಬಾರದು, ಪ್ರತಿ ನಾಟಿಕಲ್ ಮೈಲಿಗೆ (ಸುಮಾರು 1.85 ಕಿ.ಮೀ.) 200 ಅಡಿ ಏರಬೇಕು. ಬೆಟ್ಟವಿದ್ದ ಕಡೆ ಚಾರ್ಟ್ (ಆ ದಾರಿಯ ನಕ್ಷೆ) ಇನ್ನೂ ಹೆಚ್ಚು ಕೇಳುತ್ತದೆ. ಎಡವುವುದು ಇಲ್ಲೇ. ಚಾರ್ಟ್ ಹೇಳುವುದು ಮೈಲಿಗೆ ಎಷ್ಟು ಅಡಿ ಎಂದು, ಕಾಕ್‌ಪಿಟ್‌ನ ಮೀಟರ್ ತೋರಿಸುವುದು ನಿಮಿಷಕ್ಕೆ ಎಷ್ಟು ಅಡಿ ಎಂದು. ಮೈಲಿಗೆ 350 ಅಡಿ ಬೇಕಿದ್ದರೆ, ಗ್ರೌಂಡ್ ಸ್ಪೀಡ್ (ನೆಲಕ್ಕೆ ಹೋಲಿಸಿದ ವೇಗ) 150 ನಾಟ್‌ಗೆ, ಅಂದರೆ ಗಂಟೆಗೆ 150 ನಾಟಿಕಲ್ ಮೈಲಿಗೆ, ನಿಮಿಷಕ್ಕೆ 875 ಅಡಿ; ಹಿಂಗಾಳಿ ಸೇರಿ 180 ಆದರೆ 1050. ಇದನ್ನು ಟ್ಯಾಕ್ಸಿಗೆ (ವಿಮಾನ ನೆಲದ ಮೇಲೆ ರನ್‌ವೇಗೆ ಸಾಗುವುದು) ಮೊದಲೇ ಕಾಗದದಲ್ಲಿ ಬರೆದಿಟ್ಟುಕೊಳ್ಳಿ.

ಇನ್ನೊಂದು, ಟ್ಯಾಕ್ಸಿ ಮಾಡುವಾಗ ರನ್‌ವೇ ಬದಲಾಗುವುದು. ಎಫ್‌ಎಂಎಸ್‌ನಲ್ಲಿ (ವಿಮಾನದ ದಾರಿ ಹಾಕಿಡುವ ಕಂಪ್ಯೂಟರ್) ಹಳೆಯ ಡಿಪಾರ್ಚರ್ ಹಾಗೇ ಉಳಿದಿರುತ್ತದೆ, ವಿಮಾನ ನಿಷ್ಠೆಯಿಂದ ತಪ್ಪು ಕಡೆ ತಿರುಗುತ್ತದೆ. ಹೊಸದಾಗಿ ಲೋಡ್ ಮಾಡಿ. ರನ್‌ವೇ, ಮೊದಲ ಹೆಡಿಂಗ್ (ಮೂತಿ ಇಡುವ ದಿಕ್ಕು), ಮೊದಲ ಫಿಕ್ಸ್ (ದಾರಿಯಲ್ಲಿ ಗುರುತಿಸಿದ ಬಿಂದು), ಏರುವುದನ್ನು ನಿಲ್ಲಿಸಬೇಕಾದ ಎತ್ತರ ಇವನ್ನು ಒಬ್ಬರು ಚಾರ್ಟ್‌ನಿಂದ ಓದಲಿ, ಇನ್ನೊಬ್ಬರು ಸ್ಕ್ರೀನ್ ಮೇಲೆ ಬೆರಳಿಟ್ಟು ತೋರಿಸಲಿ. ವಿಮಾನ ನಿಲ್ಲಿಸಿಯೇ ಮಾಡಿ. ಟವರ್‌ಗೆ "ಎರಡು ನಿಮಿಷ ಬೇಕು" ಎಂದರೆ ಯಾರೂ ಬೈಯುವುದಿಲ್ಲ.